ಶರಣನ್ನ ಕೆಡಿಸಿದ ಅಕ್ಕ

ರಬಕವಿಯ ನಮ್ಮ ತವರುಮನಿ ಓಣ್ಯಾಗ ನನ್ನ ಬಗ್ಗೆ ಒಂದು ಮಾತು ಇವತ್ತಿಗೂ ಓಡ್ಯಾಡತೈತಿ. ‘ಆ ಮನ್ಯಾಗ ಒಬ್ಬ ಶರಣ ಎದ್ದು ನಿಂತಿದ್ದ. ಅಕ್ಕ ಗುಳಿಗಿ ನುಂಗಿಸಿ ಕೆಡಿಸಿಬಿಟ್ಲು’ ಅಂತ. ಆ ಅಕ್ಕ ನಾನ. ಬಸ್‌ಸ್ಟ್ಯಾಂಡಿನ್ಯಾಗ, ಸಂತ್ಯಾಗ, ಮದುವಿ ಪಂಕ್ತ್ಯಾಗ ಯಾರರೆ ಒಬ್ರು ಈ ಮಾತು ತಗದಬಿಡತಾರ, ನನ್ನ ಮೈ ಉರದ ಹೋಗತೈತಿ. ಕೆಡಿಸಿದ್ನೆಂತ! ಏನ ಕೆಡಿಸಿದ್ನಿ, ಹೆಂಗ ಕೆಡಿಸಿದ್ನಿ ಅಂತ ಒಮ್ಮೆ ಕುಂತು ಪೂರಾ ಹೇಳೇಬಿಡತೀನಿ. ಆಮ್ಯಾಲ ಏನ ಬೇಕಾದ್ರೂ ಅನ್ಕೋರಿ.

ನನ್ನ ತಮ್ಮ ಹುಟ್ಟಿದಾಗ ನಾ ಆಗಲೇ ಸಾಲಿಗಿ ಹೋಗತಿದ್ನಿ. ಸಣ್ಣ ಕಣ್ಣು, ಚಪ್ಪಟಿ ಮೂಗು, ಬಾಯಿ ತುಂಬ ನಾಲಿಗಿ. ಸೂಲಗಿತ್ತಿ ಕೂಸಿನ ಮಾರಿ ನೋಡಿ ಸುಮ್ಮನಾಗಿಬಿಟ್ಲಂತ. ಕುಂದ್ರೂದು ತಡ, ನಡಿಯೂದು ತಡ, ಮಾತಂತೂ ಭಾಳ ತಡ. ಇದಕ್ಕ ಡೌನ್ ಸಿಂಡ್ರೋಮ್ ಅಂತ ಒಂದು ಹೆಸರೈತಿ, ಜಗತ್ತಿನ ತುಂಬ ಇಂಥಾ ಮಕ್ಕಳು ಹುಟ್ಟತಾವು ಅನ್ನೂದು ನಮಗ ಗೊತ್ತಾಗಿದ್ದು ಅಂವ ಮೂವತ್ತು ದಾಟಿದ ಮ್ಯಾಲ. ಅಲ್ಲಿತನಕ ಓಣಿ ಕೊಟ್ಟ ಹೆಸರು ಒಂದ: ಹುಚ್ಚ. ಅಂವ ಹುಚ್ಚ ಅಲ್ಲ ಮಾರಾಯರ, ಹುಚ್ಚು ಬ್ಯಾರೆ, ಇದು ಬ್ಯಾರೆ. ಹೇಳಿ ಹೇಳಿ ನನ್ನ ನಾಲಿಗಿ ಸವೀತು. ಕೋಣನ ಮುಂದ ಕಿಂದರಿ ಬಾರಿಸಿದಂಗ ಆತು.

ನಮ್ಮವ್ವ ಮಾತ್ರ ಗಟ್ಟಿ ಹೆಣ್ಣಮಗಳು. ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ, ಆದ್ರ ಮಗಗ ಏನು ಬರತೈತಿ, ಏನು ಬರೂದಿಲ್ಲ ಅನ್ನೂದನ್ನ ತಾನ ನೋಡಿ ನೋಡಿ ಕಲ್ತಿದ್ಲು. ಅಂವಗ ಯಾವ ಕೆಲಸಾನೂ ಲಗೂನ ಬರ್ತಿದ್ದಿಲ್ಲ. ಒಂದು ಕ್ರಮ ಹಿಡಿಸಿದ್ರ ಮಾತ್ರ ಸಾಯೂತನಕ ಬಿಡತಿದ್ದಿಲ್ಲ. ಲಾಡಿ ಗಂಟು ಹಾಕಾಕ ಬರೂದಿಲ್ಲಂತ ಪಾಯಜಾಮಾಕ್ಕ ಇಲಾಸ್ಟಿಕ್ ಹಾಕಿಸಿದ್ಲು. ಅಂಗಿಗಿ ದೊಡ್ಡ ದೊಡ್ಡ ಗುಂಡಿ ಹಚ್ಚಿದ್ಲು. ಮಲಗೋಕಿಂತ ಮೊದಲ ಮರುದಿನದ ಅರಿವಿ ಒಂದರ ಮ್ಯಾಲ ಒಂದು ಇಡತಿದ್ಲು, ಮೊದಲ ಹಾಕ್ಕೊಳ್ಳೂದು ಎಲ್ಲಾದಕ್ಕೂ ಮ್ಯಾಲ. ಹಂಗಾಗಿ ಹಲ್ಲು ತಿಕ್ಕೂದು, ಜಳಕ, ಅರಿವಿ, ವಿಭೂತಿ ಎಲ್ಲಾ ಅವನ ಕೈಲೇ ಆಗತಿತ್ತು.

ನಮ್ಮದು ಲಿಂಗ ಕಟ್ಟೋ ಮನಿ. ಲಿಂಗಪೂಜಿ ಆಗೂತನಕ ಬಾಯಾಗ ನೀರಿನ ಹನಿ ಸೈತ ಹಾಕಂಗಿಲ್ಲ. ತಮ್ಮ ಎಡಗೈಯಾಗ ಲಿಂಗ ಇಟ್ಕೊಂಡು, ನೀರೆರದು, ವಿಭೂತಿ ಹಚ್ಚಿ, ಆ ನೀರ ಪಾದೋದಕ ಅಂತ ಒಂದು ಚಮಚಿ ಕುಡದು, ಲಿಂಗ ಕಟ್ಟಿಕೊಂಡು ಏಳಾಂವ. ಎದ್ದಾಂವನ ಇಡೀ ಓಣಿಗಿ ಕೇಳೂಹಂಗ ಒದರಾಂವ:

“ಯವ್ವಾ! ಚಾ ಆತೇನ ಬೇ?”

ಅವ್ವ ಒಲಿ ಮುಂದಿಂದ, “ಆತು ಬಾರಲೇ, ನಿನ್ನ ಗಂಟಲಕ್ಕ ಬೆಂಕಿ ಹಾಕ್ಲಿ” ಅನ್ನಾಕಿ. ಇದು ದಿನಾ ನಡಿಯೂದ. ಆ ಒದರಿಕಿ ಕೇಳಿದ ಮ್ಯಾಲ ಮಗ್ಗಕ್ಕ ಕುಂದರೋ ಮಂದಿ ಓಣ್ಯಾಗ ಇದ್ರು. ಚಾ ಕುಡದು ತಮ್ಮ ರಾಟಿ ಮುಂದ ಕುಂತು ಕಂಡಿಕಿ ಸುತ್ತತಿದ್ದ. ಸೀರಿ ನೇಯಾಕ ಲಾಳಿಯೊಳಗ ಹಾಕೋ ನೂಲಿನ ಕಂಡಿಕಿ. ಅವನ ಕಂಡಿಕಿ ಭಾಳ ಲಗು ಆಗತಿದ್ದಿಲ್ಲ, ಆದ್ರ ಸಡ್ಲ ಇರತಿದ್ದಿಲ್ಲ. ಅಪ್ಪ ಹೋದ ಮ್ಯಾಲ ನಮ್ಮ ಮಗ್ಗ ನಡಸಾಕತ್ತಿದ್ದು ಕಾಕಾ. ಕಾಕಾಗೂ ಅವನ ಕಂಡಿಕೀನ ಬೇಕಾಗತಿದ್ದವು.

ನಾ ಆಗ ಬನಹಟ್ಯಾಗ ಕನ್ನಡ ಸಾಲಿ ಮಾಸ್ತರಕಿ ಮಾಡಾಕತ್ತಿದ್ನಿ, ಗಂಡನ ಮನೀನೂ ಅಲ್ಲೇ. ಬನಹಟ್ಟಿ ರಬಕವಿ ಅಂದ್ರ ಒಂದ ಊರಿದ್ದಂಗ. ರವಿವಾರ ಬಂತಂದ್ರ ತವರುಮನಿಗಿ ಬರತಿದ್ನಿ. ಹಂಗ ಬಂದಾಗ ಒಂದು ಚೈತ್ರದಾಗ ನೋಡ್ತೀನಿ, ಬೆಂಕಿಯಂಥಾ ಬಿಸಲೊಳಗ ತಮ್ಮ ಕಂಬಳಿ ಹೊತಗೊಂಡು ಕುಂತಾನ. ಮಾರಿ ಉಬ್ಬೈತಿ. ಮಾತಿಲ್ಲ, ಕತಿಯಿಲ್ಲ. ನನ್ನ ಚೀಲದಾಗ ಕೈ ಹಾಕಿ ಏನು ತಂದಿ ಅಂತ ಹುಡುಕಾಂವ, ಅವತ್ತು ನನ್ನ ಕಡೆ ಸುಮ್ಮ ನೋಡಿದ.

“ಏನಾಗೇತಿ ಬೇ ಇವಗ?” ಅಂದ್ನಿ.

“ಏನೂ ಇಲ್ಲ. ಸ್ವಲ್ಪ ಆಲಸ್ಯಾ ಹಿಡದಾನ” ಅಂದ್ಲು ಅವ್ವ.

ತಿಂಗಳು ಕಳದಂಗ ಆಲಸ್ಯ ಹೆಚ್ಚಾತು. ಒದರೂದು ನಿಂತಿತು. ಅರ್ಧಾ ಕಂಡಿಕಿ ಸುತ್ತಿ ಅಲ್ಲೇ ಗ್ವಾಡಿಗಿ ಆತು ಮಲಗಾಂವ. ಚರ್ಮ ಒಣಗಿ ಬಿರದು ಬಿಳಿ ಪುಡಿ ಉದುರತಿತ್ತು. ದಿನಗಟ್ಟಲೆ ಪಾಯಖಾನಿಗಿ ಹೋಗತಿದ್ದಿಲ್ಲ. ಇದೆಲ್ಲಾ ನೋಡಿದ್ರ ಸಣ್ಣ ಮಕ್ಕಳೂ ಇಂವಗ ಆರಾಮಿಲ್ಲ ಅಂತಿದ್ವು. ಆದ್ರ ನಮ್ಮ ಓಣಿ? ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ ನಮ್ಮ ಓಣ್ಯಾಗ ಅದಾರ.

ಸುರು ಆಗಿದ್ದು ಎದುರುಮನಿಯಾಕಿ ದೆಸಿಯಿಂದ. ಆಕಿ ಮನ್ಯಾಗ ಹೊಸ ಹಾಸು, ಅಂದ್ರ ಸೀರಿಯ ಉದ್ದನ ಎಳಿ, ಮಗ್ಗಕ್ಕ ಏರಿಸಿದಾಗೊಮ್ಮೆ ಎಳಿ ಹರೀತಿದ್ವಂತ. ನಮ್ಮ ಕಡೆ ಹೊಸ ಹಾಸು ಏರಿಸಿದ ದಿನ ಕಾಯಿ ಒಡದು, ಹಿರ್ಯಾರ ಕೈಲೇ ವಿಭೂತಿ ಹಚ್ಚಸ್ತಾರ. ಅವತ್ತು ಹಿರ್ಯಾರು ಯಾರೂ ಸಿಗಲಿಲ್ಲ. ಕಟ್ಟಿ ಮ್ಯಾಲ ಕಂಬಳಿ ಹೊದ್ದು ಕುಂತಿದ್ದ ನನ್ನ ತಮ್ಮನ್ನ ಕರಕೊಂಡು ಹೋಗಿ ಅವನ ಕೈ ಹಾಸಿನ ಮ್ಯಾಲ ಇಡಿಸಿದ್ಲು. ಆ ಸೀರಿ ಮುಗಿಯೂತನಕ ಒಂದು ಎಳೀನೂ ಹರೀಲಿಲ್ಲಂತ. ಹರೀಲಿಲ್ಲ ಅಂದ್ರ ಮಳಿಗಾಲ ಬಂದಿತ್ತು, ಹವಾದಾಗ ಪಸಿ ಇತ್ತು, ನೂಲು ಮೆತ್ತಗಾಗಿತ್ತು. ನೇಕಾರ ಮನಿಯಾಕಿಗಿ ಇದನ್ನ ನಾ ಹೇಳಬೇಕೇನು? ಹೇಳಿದ್ನಿ. “ಅಯ್ಯ, ನಿಮಗ ಸಾಲಿ ಕಲ್ತು ನಂಬಿಕಿ ಹೋಗೇತಿರಿ ಬಾಯಾರ” ಅಂತ ನನಗ ಬುದ್ಧಿ ಹೇಳಿದ್ಲು.

ಆಮ್ಯಾಲ ಕೇಳತೀರೇನು! ಬ್ಯಾನಿಯ ಒಂದೊಂದು ಗುರುತಿಗೂ ಒಂದೊಂದು ಅರ್ಥ ಹುಟ್ಟಿತು. ಮಾತಾಡೂದಿಲ್ಲ: ಮೌನ ಹಿಡದಾರ. ಬಿಸಲಾಗ ಕಂಬಳಿ: ತಪಸ್ಸು. ಕುಂತಲ್ಲೇ ಕಣ್ಣು ಮುಚ್ಚತಾನ: ಸಮಾಧಿಗಿ ಹೋಗತಾರ. ಪಾಯಖಾನಿಗಿ ಹೋಗೂದಿಲ್ಲ ಅಂದ್ರ, ಶಿವಾ ಶಿವಾ, ಉಂಡ ಅನ್ನ ಒಳಗ ಲಿಂಗಕ್ಕ ಅರ್ಪಿತ ಆಗತೈತಿ ಅಂತ ಹೇಳಿದವರೂ ಅದಾರ! ಇದನ್ನ ಕೇಳಿ ನಾ ನಗಬೇಕೋ ತಲಿ ಚಚ್ಚಿಕೋಬೇಕೋ ತಿಳೀಲಿಲ್ಲ. ಪೂಜಿ ಮುಗದ ಮ್ಯಾಲ ಅಂವ ಒಳಬಾಗಲ ಕಡೆ ಮಾರಿ ಮಾಡಿ ಕುಂದರಾಂವ, ತುಟಿ ಅಷ್ಟ ಅಲಗಾಡತಿದ್ವು. ಕಾಕಾ ಬಂದವರಿಗೆಲ್ಲ ಮೆತ್ತಗ ಹೇಳಾಂವ, “ನೋಡ್ರಿ, ಷಡಕ್ಷರಿ ಜಪಾ ನಡದೈತಿ. ಸಪ್ಪಳ ಮಾಡಬ್ಯಾಡ್ರಿ.”

ಕಾಕಾ ಕೆಟ್ಟ ಮನಷ್ಯಾ ಅಲ್ಲ. ಅಪ್ಪ ಹೋದಾಗ ನಮ್ಮ ಕೈ ಬಿಡದ ಮನಷ್ಯಾ. ಅವಗೂ ಇದು ಖರೆನ ಅನಿಸಿತ್ತು. ಆದ್ರ ಒಂದು ಸಲ ಮಂದಿ ಮನಿಮುಂದ ಚಪ್ಪಲ ಬಿಟ್ಟು ಒಳಗ ಬರಾಕ ಸುರು ಮಾಡಿದ್ರಂದ್ರ ಮನಿಯಾಂವನ ನಡಗೀನ ಬದಲಾಗತೈತಿ. ಕಾಕಾ ಬಿಳೇ ಧೋತರ ಉಡಾಕತ್ತಿದ. ಶರಣರು ಕೆಲಸ ಮಾಡಬಾರದು ಅಂತ ತಮ್ಮನ ರಾಟಿ ತಗದು ಅಟ್ಟದ ಮ್ಯಾಲ ಇಟ್ಟ. ಸೋಮವಾರ ಬಂತಂದ್ರ ಬೀಳಗಿ, ಗಲಗಲಿ ಕಡೆಯಿಂದ ಸೈತ ಮಂದಿ ಬರಾಕತ್ತಿದ್ರು. ಬಂದವರು ಕಾಲಿಗಿ ಬಿದ್ದು, ಪೇಢೆ, ಮಾದಲಿ, ಸಜ್ಜಕದ ಹೋಳಿಗಿ ಅಂತ ಅವನ ಬಾಯಾಗ ತುರುಕಿ ಹೋಗತಿದ್ರು. ಅಂವ ಬ್ಯಾಡ ಅನ್ನಾಕೂ ಆಗದಂಗ ಕುಂದರತಿದ್ದ. ಮೈ ಇನ್ನಷ್ಟು ಉಬ್ಬಿತು.

ಎಲ್ಲಾದಕ್ಕಿಂತ ನನಗ ಸಿಟ್ಟು ಬಂದದ್ದು ಅವ್ವನ ಮ್ಯಾಲ. ಒಂದು ರವಿವಾರ ನೋಡಿದ್ರ, ಹೆತ್ತ ಮಗನ ಮುಂದ ತಾಟ ಇಟ್ಟು, ಸೆರಗ ಹೊದ್ದು, “ಪ್ರಸಾದ ಮಾಡ್ರೀ ಅಪ್ಪಾರ” ಅನ್ನಾಕತ್ತಾಳ!

“ಯವ್ವಾ, ನಿನಗೂ ಹುಚ್ಚ ಹಿಡೀತೇನು? ಅಂವ ನಿನ್ನ ಮಗ! ಅಂವಗ ಆರಾಮಿಲ್ಲ! ದವಾಖಾನಿಗಿ ಒಯ್ಯೂಣು ನಡಿ. ಹಿಂಗ ಬಿಟ್ರ ಸಾಯ್ತಾನವ!” ಅಂತ ಒದರಿದ್ನಿ.

ಅವ್ವ ನನ್ನ ಕೈ ಹಿಡದು ಹಿತ್ತಲಕ್ಕ ಜಗ್ಗಿಕೊಂಡು ಹೋದ್ಲು. ಆಕಿ ಕಣ್ಣಾಗ ನೀರಿತ್ತು, ದನಿಯಾಗ ಸಿಟ್ಟಿತ್ತು. “ಮೂವತ್ತು ವರ್ಸಾ ಅವಗ ಹುಚ್ಚ ಅಂದ್ರು. ಹುಡುಗೂರು ಕಲ್ಲ ಒಗದ್ರು. ಲಗ್ನದಾಗ ಪಂಕ್ತ್ಯಾಗಿಂದ ಎಬ್ಬಿಸಿ ಕಳಿಸಿದ್ರು. ನಾ ಎಂದರೆ ತಲಿ ಎತ್ತಿ ಓಣ್ಯಾಗ ನಡದೇನಿ? ಈಗ ಅದ ಮಂದಿ ಬಂದು ಅವನ ಕಾಲ ಮುಟ್ಟತಾರ. ಅದನ್ನೂ ಕಸಗೋತಿಯೇನ ನೀ?”

ಆಕಿ ಹೇಳಿದ್ದು ಖರೆನ ಇತ್ತು. ಆದ್ರ ನನ್ನ ಸಿಟ್ಟು ಇಳೀಲಿಲ್ಲ. ಕಾಲು ಮುಟ್ಟಿಸಿಕೊಳ್ಳಾಕ ಮನಷ್ಯಾ ಉಳೀಬೇಕಲ್ಲ ಮೊದಲ.

ಹಲ್ಲು ತೋರಿಸಿಕೊಂಡು ಬರತೀನಿ ಅಂತ ಸುಳ್ಳ ಹೇಳಿ ತಮ್ಮನ್ನ ಜಮಖಂಡಿಗಿ ಕರಕೊಂಡು ಹೋದ್ನಿ. ಬಸ್ಸಿನ ಪಾವಟಿಗಿ ಏರಾಕ ಅವಗ ಉಸರ ಹತ್ತತಿತ್ತು. ಅಲ್ಲಿನ ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ, ನಾಡಿ ಸೈತ ಮುಟ್ಟಲಿಲ್ಲ. ಮಾರಿ ಒಂದು ನೋಡಿದ್ರು, ಅಷ್ಟ. “ಇಂಥಾವ್ರು ಹಿಂಗ ಇರತಾರ್ರಿ ಬಾಯಾರ. ವಯಸ್ಸಾದಂಗ ಮಂದ ಆಗತಾರ. ಇಷ್ಟು ದಿನ ಬದುಕಿದ್ದ ಹೆಚ್ಚು.”

“ಹ್ವಾದ ವರ್ಷ ಹಿಂಗ ಇರಲಿಲ್ಲರಿ. ಓಡ್ಯಾಡತಿದ್ದ, ಕೆಲಸ ಮಾಡತಿದ್ದ, ಓಣಿ ತುಂಬ ಒದರತಿದ್ದ.”

“ನೀವು ಮನಸ್ಸಿಗಿ ಹಚಗೋಬ್ಯಾಡ್ರಿ” ಅಂತ ಒಂದು ಟಾನಿಕ್ ಬರದು ಕೊಟ್ಟು, ಮುಂದಿನವರನ್ನ ಕರದ್ರು.

ವಾಪಸ್ ಬರೂಮುಂದ ಬಸ್ಸಿನ್ಯಾಗ ನನ್ನ ಸಿಟ್ಟು ನೆತ್ತಿಗೇರಿತ್ತು. ಓಣ್ಯಾಗ ಅಂವ ಶರಣ, ದವಾಖಾನ್ಯಾಗ ‘ಇಂಥಾಂವ’. ಎರಡೂ ಕಡೆ ಅವಗ ಬ್ಯಾನಿ ಬರೂಹಂಗಿಲ್ಲ! ಊರಾಗ ಎಲ್ಲಾರಿಗೂ ಜ್ವರ ಬರತಾವು, ಕೆಮ್ಮು ಬರತಾವು, ಔಷಧ ಸಿಗತಾವು. ನನ್ನ ತಮ್ಮಗ ಮಾತ್ರ ಏನ ಬಂದ್ರೂ ಅದು ಅವನ ಹಣೇಬರಾ. ಅಂವ ನನ್ನ ಹೆಗಲಿಗಿ ತಲಿ ಇಟ್ಟು ಗೊರಕಿ ಹೊಡಿಯಾಕತ್ತಿದ್ದ. ಮುಂದಿನ ಸೀಟಿನಾಕಿ ತಿರುಗಿ ನೋಡಿ ಕೈ ಮುಗದ್ಲು. ಆಕೀಗಿ ಅಂದಬಿಟ್ನಿ, “ನಿದ್ದಿ ಬಂದೈತ್ರಿ ಅವಗ, ನಿದ್ದಿ!”

ಇತ್ತ ಕಾಕಾ ಶ್ರಾವಣದ ಕಡೀ ಸೋಮವಾರಕ್ಕ ಆಷಾಢದಾಗಿಂದನ ತಯಾರಿ ನಡಸಿದ್ದ. ಪಡಸಾಲ್ಯಾಗ ಗದ್ದಿಗಿ ಮಾಡಿ, ಅವತ್ತ ತಮ್ಮನ್ನ ಅದರ ಮ್ಯಾಲ ಕುಂದರಿಸಿ, ಭಜನಿ ಮಾಡಿಸಿ, ಊರಿಗೆಲ್ಲ ಪ್ರಸಾದ ಹಾಕಬೇಕು ಅಂತ. ಒಮ್ಮೆ ಗದ್ದಿಗಿ ಮ್ಯಾಲ ಕುಂತ್ರ ಮುಗೀತು, ಮತ್ತ ಅವನ್ನ ಯಾವ ದವಾಖಾನಿಗೂ ಒಯ್ಯಾಕ ಈ ಮಂದಿ ಬಿಡಂಗಿಲ್ಲ ಅನ್ನೂದು ನನಗ ಪಕ್ಕಾ ಗೊತ್ತಿತ್ತು. ಅಂವ ಗದ್ದಿಗಿ ಮ್ಯಾಲ ಕುಂತ ಕುಂತಲ್ಲೇ ಸಾಯ್ತಿದ್ದ. ಸತ್ರ ಅದಕ್ಕೂ ಒಂದು ಅರ್ಥ ಹಚ್ಚತಿದ್ರು.

ಅಷ್ಟರಾಗ ಒಂದು ದಿನ ಕಾಕಾ ನೂಲು ತರಾಕ ಹೋಗಿದ್ದ. ಸಾಲಿ ಸೂಟಿ ಇತ್ತು, ನಾ ಬಂದಿದ್ನಿ. ನೋಡ್ತೀನಿ, ಅವ್ವ ಅಟ್ಟ ಹತ್ತಿ ರಾಟಿ ಇಳಿಸಾಕತ್ತಾಳ. “ಇನ್ನೂ ಸುತ್ತತಾನೇನು ನೋಡೂಣು” ಅಂದ್ಲು. ರಾಟಿ ಒರಸಿ ತಮ್ಮನ ಮುಂದ ಇಟ್ಲು. ಅಂವ ಭಾಳ ಹೊತ್ತು ನೋಡಿದ. ಆಮ್ಯಾಲ ಹಿಡಿಕಿ ಮ್ಯಾಲ ಕೈ ಇಟ್ಟು ಅರ್ಧಾ ಸುತ್ತು ತಿರುವಿದ. ಕೈ ಜಾರಿತು. ಮತ್ತ ಇಟ್ಟ. ಮತ್ತ ಜಾರಿತು. ಅವನ ಕಣ್ಣಾಗಿಂದ ನೀರು ದಳದಳ ಇಳದು ಗಲ್ಲದ ಮ್ಯಾಲ ಬಂತು. ತುಟಿ ಅಲಗಾಡಿದ್ವು, ದನಿ ಬರಲಿಲ್ಲ.

“ಯಾಕೋ ಮಗನ? ಏನ ಬೇಕೋ? ಹೇಳೋ ನನ್ನಪ್ಪಾ” ಅಂತ ಅವ್ವ ಅವನ ಗದ್ದ ಹಿಡದ್ಲು. ಅಂವ ಆಕೀನ ನೋಡಿದ. ಮತ್ತ ತುಟಿ ಅಲಗಾಡಿದ್ವು.

ಅವ್ವ ಎದ್ದು ನಿಂತ್ಲು. “ಮಂದಿ ಕೂಡ ಮೌನ ಇರಲಿ. ಹೆತ್ತಾಕಿ ಕೂಡ ಎಂಥಾ ಮೌನ ಬೇ? ಇದು ಶರಣರ ಅಳು ಅಲ್ಲ. ನಡಿ, ಎಲ್ಲಿಗಿ ಒಯ್ತಿ ಒಯ್ಯಿ” ಅಂದ್ಲು.

ಹರಕಿ ಐತಿ, ದೇವರಿಗಿ ಹೋಗಿ ಬರತೇವಿ ಅಂತ ಅವ್ವ ಕಾಕಾಗ ಹೇಳಿದ್ಲು. ಆಕಿ ಸುಳ್ಳ ಹೇಳಿದ್ದನ್ನ ನಾ ಅವತ್ತ ಮೊದಲ ಕೇಳಿದ್ದು. ಕಾಕಾ ಖುಷಿಯಾಗಿ ಎರಡು ಕಾಯಿ ಕೊಟ್ಟು ಬಸ್‌ಸ್ಟ್ಯಾಂಡ್ ತನಕ ಕಳಸಾಕ ಬಂದ. ನಾವು ಕುಡಚಿಗಿ ಹೋಗಿ ರೈಲು ಹಿಡದು ಮಿರಜಕ್ಕ ಹೋದ್ವಿ. ಕಾಯಿ ದಾರಿಯೊಳಗ ಒಡಕೊಂಡು ತಿಂದ್ವಿ.

ಮಿರಜದ ದವಾಖಾನ್ಯಾಗ ನಮ್ಮನ್ನ ನೋಡಿದಾಕಿ ಒಬ್ಬಾಕಿ ನಡುವಯಸ್ಸಿನ ಡಾಕ್ಟರ್ ಬಾಯಿ. ಮರಾಠಿ ಬೆರಸಿದ ಕನ್ನಡ. ಆಕಿ ತಮ್ಮನ ಪಕ್ಕ ಸ್ಟೂಲ್ ಎಳಕೊಂಡು ಕುಂತ್ಲು. ಕೈ ಹಿಡದ್ಲು, ಕೊಳ್ಳ ಮುಟ್ಟಿ ನೋಡಿದ್ಲು, ಹಿಮ್ಮಡ ಮ್ಯಾಲ ಸಣ್ಣ ಸುತ್ತಿಗಿಲೇ ಬಡದ್ಲು, ಎದಿ ಕೇಳಿದ್ಲು, ಕಿವಿಯಾಗ ಬ್ಯಾಟರಿ ಹಾಕಿ ನೋಡಿದ್ಲು. ಆಮ್ಯಾಲ ಅವ್ವನ ಕಡೆ ತಿರುಗಿ, “ಅವ್ವಾರ, ಮೊದಲ ಹೆಂಗಿದ್ರು ಇವ್ರು? ಮುಂಜಾನೆದ್ದು ಏನೇನ ಮಾಡತಿದ್ರು?” ಅಂತ ಕೇಳಿದ್ಲು.

ಅಲ್ಲಿತನಕ ಆ ಪ್ರಶ್ನಿ ಯಾರೂ ಕೇಳಿದ್ದಿಲ್ಲ. ಅವ್ವ ಸುರು ಮಾಡಿದ್ಲು ನೋಡ್ರಿ. ಇಲಾಸ್ಟಿಕ್ ಪಾಯಜಾಮಾ, ದೊಡ್ಡ ಗುಂಡಿ, ಜಳಕ, ಪೂಜಿ, ಕಂಡಿಕಿ, ಹುಡುಗೂರ ಕೂಡ ಜಗಳ, ಚಾಕ್ಕ ಒದರೂದು. ಹೊರಗ ಮಂದಿ ಪಾಳಿ ಹಚ್ಚಿ ಕುಂತಿದ್ರು, ಡಾಕ್ಟರ್ ಬಾಯಿ ನಡುವ ತಡೀಲಿಲ್ಲ. ಎಲ್ಲಾ ಕೇಳಿ, “ಹಂಗಾದ್ರ ಇದು ಅವರ ಸ್ವಭಾವ ಅಲ್ಲ. ಬ್ಯಾನಿ” ಅಂದ್ಲು.

ನನಗ ಅಲ್ಲೇ ಅಳು ಬಂತು. ಇಷ್ಟ ಒಂದು ಮಾತಿಗಿ ನಾ ತಿಂಗಳಗಟ್ಟಲೆ ಬಡದಾಡಿದ್ನೆಲ್ಲ!

ಡೌನ್ ಸಿಂಡ್ರೋಮ್ ಅಂದ್ರ ಏನು ಅಂತ ಆಕೀನ ಬಿಡಿಸಿ ಹೇಳಿದ್ಲು. ಗಂಟಲದಾಗ ಥೈರಾಯಿಡ್ ಅಂತ ಒಂದು ಗ್ರಂಥಿ ಐತಿ, ಇಂಥಾವರಿಗಿ ವಯಸ್ಸಾದಂಗ ಅದು ಸೋಲೂದು ಹೆಚ್ಚು, ಅದು ಸೋತ್ರ ಮೈ ತಂಪಾಗತೈತಿ, ಮಾರಿ ಉಬ್ಬತೈತಿ, ದನಿ ಬೀಳತೈತಿ, ಮನಷ್ಯಾ ಮಂದ ಆಗತಾನ. ರಕ್ತ ತಗದು ಕಳಿಸಿದ್ರು. ಕಿವಿ ತುಂಬ ಕಟ್ಟಿದ್ದ ಗುಗ್ಗಿ ತಗದ್ರು. ಮುಂದ ನಾ ಒಬ್ಬಾಕೀನ ಹೋಗಿ ರಕ್ತದ ರಿಪೋರ್ಟ್ ಕೇಳಿದಾಗ ಡಾಕ್ಟರ್ ಬಾಯಿ ಅಂದದ್ದ ಖರೆ ಆಗಿತ್ತು. “ದಿನಾ ಒಂದು ಸಣ್ಣ ಗುಳಿಗಿ. ಖಾಲಿ ಹೊಟ್ಟಿಲೆ. ಅದಾಗಿ ಅರ್ಧಾ ತಾಸು ಚಾ ಸೈತ ಬ್ಯಾಡ. ಜೀವ ಇರೂತನಕ ಬಿಡಬಾರದು. ಬಿಟ್ರ ಎದೀಗಿ ಬರತೈತಿ, ಮಲಗಿದಾಂವ ಏಳಂಗಿಲ್ಲ” ಅಂದ್ಲು.

ಇಷ್ಟಾದ ಮ್ಯಾಲ ಎಲ್ಲಾ ಸರಳ ಆತು ಅಂದ್ಕೊಂಡ್ರಿ? ಗುಳಿಗಿ ನೋಡಿ ಕಾಕಾ ಕೆಂಡ ಆದ. “ದೇವರಿಗಿ ಹೋಗತೇವಂತ ಹೇಳಿ ದವಾಖಾನಿಗಿ ಹೋದ್ರ್ಯಾ? ಶರಣನ್ನ ರೋಗಿ ಮಾಡಿಕೊಂಡು ಬಂದ್ರ್ಯಾ? ಲಿಂಗಪೂಜಿ ಆಗದ ಬಾಯಾಗ ನೀರ ಹಾಕಂಗಿಲ್ಲ, ಗುಳಿಗಿ ಹಾಕತಾರಂತ! ಪೂಜಿ ಆದ ಮ್ಯಾಲ ಮೊದಲ ಬಾಯಿಗಿ ಹೋಗೂದು ಭಕ್ತರ ಪ್ರಸಾದ. ಈ ಮನ್ಯಾಗ ಇದು ನಡಿಯಂಗಿಲ್ಲ.”

“ಕಾಕಾ, ಅಂವ ಸಾಯ್ತಾನ!”

“ಸಾಯೂದು ಇರೂದು ಶಿವನ ಕೈಯಾಗೈತಿ.”

“ಹಂಗಾದ್ರ ಹ್ವಾದ ವರ್ಷ ನಿನ್ನ ಕಣ್ಣಿನ ಪೊರಿ ತಗಸಾಕ ಯಾಕ ಹೋಗಿದ್ದಿ? ಶಿವನ ಕೈಯಾಗ ಬಿಡಬೇಕಿತ್ತಲ್ಲ!”

ಕಾಕಾ ಚಪ್ಪಲ ಮೆಟ್ಟಿ ಹೊರಗ ಹೋದ. ನಾ ಅವ್ವನ ಕಡೆ ತಿರುಗಿದ್ನಿ, ಆಕೀನರೆ ಏನರೆ ಅಂದಾಳು ಅಂತ. ಆಕಿ ಗುಳಿಗಿ ಬಾಟ್ಲಿ ತಗೊಂಡು ಸಾಸಿವಿ ಡಬ್ಬಿಯೊಳಗ ಹುಗಿಸಿದ್ಲು. ಗಂಡಸರು ಆ ಡಬ್ಬಿ ಮುಟ್ಟಂಗಿಲ್ಲ.

ಮರುದಿನ ತಮ್ಮ ಪೂಜಿ ಮುಗಿಸಿ ಪಾದೋದಕಕ್ಕ ಚಮಚಿ ಎತ್ತಿದಾಗ ಅವ್ವ ಅದರಾಗ ಗುಳಿಗಿ ಹಾಕಿದ್ಲು. ಅಂವ ಎರಡನ್ನೂ ಕೂಡೇ ನುಂಗಿದ. ಅಷ್ಟ! ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಇನ್ನ ಉಳದದ್ದು ಅರ್ಧಾ ತಾಸು. ಪೇಢೆ, ಹಾಲು ಹಿಡಕೊಂಡು ಬಂದವರಿಗಿ ಅವ್ವ ಬಾಗಲದಾಗ ಅಡ್ಡ ಕುಂತು, “ಈಗ ಧ್ಯಾನದಾಗ ಅದಾರ, ಆಮ್ಯಾಲ ಬರ್ರಿ” ಅನ್ನಾಕತ್ತಿದ್ಲು. ಎಲ್ಲಾರೂ ಕೈ ಮುಗದು ಹಿಂದಕ್ಕ ಸರೀತಿದ್ರು. ನನಗ ಇದೂ ಸಿಟ್ಟ ತರಿಸಿತು. ಖರೆ ಹೇಳಿದ್ರ ಯಾರೂ ಕೇಳಲಿಲ್ಲ, ಹುಸಿ ಹೇಳಿದ್ರ ಎಲ್ಲಾರೂ ಕೇಳತಾರ. ಆದ್ರ ಗುಳಿಗಿ ಹೊಟ್ಟಿಗಿ ಹೋಗಾಕತ್ತಿತ್ತು, ನಾ ಬಾಯಿ ಮುಚಗೊಂಡ್ನಿ.

ವಾರಗಟ್ಟಲೆ ಏನೂ ಕಾಣಲಿಲ್ಲ. ಆಮ್ಯಾಲ ಮಾರಿ ಬಾವು ಇಳೀತು. ಕಂಬಳಿ ತಾನ ತಗದು ಒಗದ. ಪಾಯಖಾನಿಗಿ ಹೋಗಾಕತ್ತಿದ. ರವಿವಾರ ನಾ ಬಂದಾಗ ನನ್ನ ಚೀಲದಾಗ ಕೈ ಹಾಕಿ ಚುನಮರಿ ಪೊಟ್ಟಣ ತಗದ. ನಾ ಚೀಲ ಅಲ್ಲೇ ಬಿಟ್ಟು ಹಿತ್ತಲಕ್ಕ ಹೋಗಿ ಅತ್ತು ಬಂದ್ನಿ. ಕಾಕಾ ಮಾತ್ರ ಬಂದವರಿಗಿ ಹೇಳಾಕತ್ತಿದ್ದ, “ತಪಸ್ಸು ಮುಂದಿನ ಮೆಟ್ಟಲಕ್ಕ ಏರೇತ್ರಿ. ಮಾರಿ ಮ್ಯಾಲಿನ ಕಳಾ ನೋಡ್ರಿ!” ಮಾತು ಮಾತ್ರ ಇನ್ನೂ ಬಂದಿದ್ದಿಲ್ಲ. ಅವ್ವ ದಿನಾ ಮುಂಜಾನಿ ಕಿವಿ ಕೊಟ್ಟು ಕುಂದರತಿದ್ಲು.

ಶ್ರಾವಣದ ಕಡೀ ಸೋಮವಾರ ಬಂದೇಬಿಡ್ತು. ಪಡಸಾಲಿ ತುಂಬ ಜಮಖಾನಿ. ನಡುವ ಗದ್ದಿಗಿ, ಲೋಡು, ಮ್ಯಾಲ ರೇಶಿಮಿ ಸೀರಿ ಹಾಸಿದ್ರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಕಟ್ಟಿ ಮ್ಯಾಲ ಜಾಗಾ ಸಾಲದ ಓಣ್ಯಾಗ ನಿಂತಿದ್ರು. ಅವ್ವ ಹೆಂಗಸರ ನಡುವ ಕುಂತಿದ್ಲು, ನಾ ಆಕಿ ಬಾಜೂಕ. ನಮಗ ಇದನ್ನ ನಿಲ್ಲಸಾಕ ಆಗಿದ್ದಿಲ್ಲ. ನಸಿಕಿನ್ಯಾಗ ಪಾದೋದಕದ ಕೂಡ ಗುಳಿಗಿ ಹೋಗಿತ್ತು, ಅದೊಂದ ನಮ್ಮ ಸಮಾಧಾನ. ಕಾಕಾ ತಮ್ಮನ್ನ ಕೈ ಹಿಡದು ಗದ್ದಿಗಿ ಮ್ಯಾಲ ಕುಂದರಿಸಿದ. ಭಜನಿ ನಿಂತಿತು. ಕಾಕಾ ಎಲ್ಲಾರಿಗೂ ಕೈ ಮಾಡಿ, “ಈಗ ಶರಣರ ಮೌನದಾಗ ಒಂದು ಗಳಿಗಿ ಎಲ್ಲಾರೂ ಮೌನ ಇರೂಣು” ಅಂದ. ಅಷ್ಟೂ ಮಂದಿ ಕಣ್ಣು ಮುಚ್ಚಿ ಕೈ ಮುಗದ್ರು. ಮಗ್ಗದ ಸಪ್ಪಳ ಸೈತ ಇದ್ದಿಲ್ಲ.

ಆಗ ಗದ್ದಿಗಿ ಮ್ಯಾಲಿಂದ ಬಂತು. ಮೊದಲಿನಷ್ಟು ಗಟ್ಟಿ ಅಲ್ಲ, ಗೊಗ್ಗರು ದನಿ, ಆದ್ರ ಕಟ್ಟಿ ತನಕ ಎಲ್ಲಾರಿಗೂ ಕೇಳಿತು.

“ಯವ್ವಾ! ಚಾ ಆತೇನ ಬೇ?”

ಕಾಕಾನ ಕೈ ಮುಗದಂಗ ಉಳದಿದ್ವು. ಅವ್ವ ಎದ್ಲು. ಮಂದಿ ಕಾಲು, ಸೀರಿ ಸೆರಗು ಏನೂ ನೋಡದ ದಾಟಿಕೊಂಡು, “ಬಂದ್ನಿ ತಡಿಯಲೇ, ನಿನ್ನ ಗಂಟಲಕ್ಕ ಬೆಂಕಿ ಹಾಕ್ಲಿ” ಅಂತ ಅಡಗಿಮನಿಗಿ ಓಡಿದ್ಲು. ಓಡ್ತಾ ಓಡ್ತಾ ಸೆರಗಿಲೆ ಕಣ್ಣ ಒರಸಿಕೊಳ್ಳಾಕತ್ತಿದ್ಲು.

ಮಂದಿ ಮೆತ್ತಗ ಕರಗಿತು. ಕೆಲವ್ರು ಪ್ರಸಾದಕ್ಕ ಅಂತ ಕುಂತ್ರು, ಉಂಡು ಹೋದ್ರು. ಎದುರುಮನಿಯಾಕಿ ಹೊಸ್ತಲ ದಾಟೂಮುಂದ ನನಗ ಕೇಳೂಹಂಗ, “ಸುಮ್ಮ ಇದ್ದಾಗ ಎಷ್ಟ ಛಲೋ ಇದ್ರು. ಮತ್ತ ಅದ ಹುಚ್ಚ ಆದ” ಅಂದ್ಲು. ನಾ ಎದ್ದು ಆಕಿ ಮ್ಯಾಲ ಏರಿ ಹೋಗಾಕತ್ತಿದ್ನಿ, ಅಷ್ಟರಾಗ ಕಾಕಾನ ದನಿ ಕೇಳಿ ತಿರುಗಿದ್ನಿ.

ಕಾಕಾ ಗದ್ದಿಗಿ ಕೆಳಗ ನೆಲದ ಮ್ಯಾಲ ಕುಂತಿದ್ದ. ತಮ್ಮ ಬಸಿಯಾಗ ಚಾ ಹಾಕ್ಕೊಂಡು ಊದಿ ಊದಿ ಕುಡ್ಯಾಕತ್ತಿದ್ದ. “ಏನೋ, ಇಷ್ಟ ದಿನಾ ಒಂದು ಮಾತರೆ ಆಡಬಾರದೇನೋ? ಯಾಕ ಸುಮ್ಮ ಕುಂತಿದ್ದಿ?” ಅಂತ ಕಾಕಾ ಕೇಳಿದ. ಅವನ ದನ್ಯಾಗ ಸಿಟ್ಟಿದ್ದಿಲ್ಲ, ಸೋತ ದನಿ ಅದು.

ತಮ್ಮ ಬಸಿ ಕೆಳಗ ಇಟ್ಟ. ಅಂವಗ ಉದ್ದ ಮಾತು ಬರೂದಿಲ್ಲ, ತಡವರಿಸಿ ತಡವರಿಸಿ ಅಂದ, “ಸುಮ್ಮ ಇಲ್ಲ. ಒದರಿದ್ನಿ. ದನಿ ಇಲ್ಲ. ದಿನಾ ಒದರಿದ್ನಿ. ಯವ್ವಾ ಚಾ. ಯವ್ವಾ ಚಾ.” ಆಮ್ಯಾಲ ಕಾಕಾನ ಎರಡೂ ಕೈ ಹಿಡದು ಜೋಡಿಸಿ ತೋರಿಸಿದ. “ನೀ ಹಿಂಗ ಮಾಡಿದಿ.”

ಕಾಕಾ ತನ್ನ ಕೈ ಬಿಡಿಸಿಕೊಳ್ಳಲಿಲ್ಲ. ಅವ್ವ ಖಾಲಿ ಬಸಿ ತಗೊಂಡು ಒಳಗ ಹೋಗಿ ಮತ್ತ ಚಾಕ್ಕ ಇಟ್ಲು. ಅವತ್ತ ಅಂವ ಎಷ್ಟ ಸಲ ಕೇಳಿದ್ರೂ ಆಕಿ ಇಲ್ಲ ಅನ್ನಲಿಲ್ಲ.